ಚಾಮುಂಡಿ ಬೆಟ್ಟ ನಿಲ್ಲದೆ ಹತ್ತೋದು ಹೇಗೆ? (ಹೊಸಬ, ರೋಡ್ ಬೈಕ್)

ಹೊಸಚಕ್ರ:
ರೋಡ್ ಬೈಕ್ ತಗೊಂಡು ಮೂರು ತಿಂಗಳು. ಕೆಆರ್‌ಎಸ್ ರಸ್ತೆಯಲ್ಲಿ 40 ಕಿ.ಮೀ. ಹೋಗಿ ಬರೋದು ಈಗ ಕಷ್ಟ ಅನ್ನಿಸಲ್ಲ. ಚಾಮುಂಡಿ ಬೆಟ್ಟ ಮಾತ್ರ ಒಲೀತಿಲ್ಲ. ಮೊದಲ ಕಿಲೋಮೀಟರಲ್ಲೇ ಎದೆ ಬಾಯಿಗೆ ಬರುತ್ತೆ, ಮೇಲೆ ಮುಟ್ಟೋದ್ರೊಳಗೆ ಮೂರು ಸಲ ಕಾಲು ನೆಲಕ್ಕೆ. ಹೋದ ಭಾನುವಾರ ವ್ಯೂ ಪಾಯಿಂಟ್ ಹತ್ರ ಬೈಕ್ ಒರಗಿಸಿ ಏದುಸಿರು ಬಿಡ್ತಿದ್ದಾಗ ಕೋತಿ ಬಂದು ಜೆರ್ಸಿ ಜೇಬಿಂದ ಬಾಳೆಹಣ್ಣು ಎಳ್ಕೊಂಡು ಹೋಯ್ತು. ಅದನ್ನ ಓಡಿಸೋಕೂ ತ್ರಾಣ ಇರ್ಲಿಲ್ಲ. ಗೇರಿನ ಹಲ್ಲು ಮುಂದೆ 50/34, ಹಿಂದೆ 11-28. ನನ್ನ ತೂಕ 75 ಕೆಜಿ. ಏನು ಮಾಡ್ಲಿ?

ಘಾಟಿಪ್ರಿಯ:
ಮೊದಲ ಕಿ.ಮೀ.ನಲ್ಲೇ ಎದೆ ಬಾಯಿಗೆ ಬರ್ತಿದೆ ಅಂದ್ರೆ ಬುಡದಲ್ಲೇ ಜೋರು ಮಾಡ್ತಿದೀರಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡೋಕಾಗುವಷ್ಟು ನಿಧಾನ ಶುರು ಮಾಡಿ, ನಂದಿ ಕಡೆ ತಿರುಗೋ ಜಾಗ ದಾಟಿದ ಮೇಲೆ ಬೇಕಾದ್ರೆ ಒತ್ತಿ. ವಾರಕ್ಕೊಂದು ದಿನ ಏರಿನಲ್ಲಿ 5 ನಿಮಿಷದ ನಾಲ್ಕು ತುಣುಕು, ಮಧ್ಯೆ ಇಳಿದು ಬಂದು ಸುಧಾರಿಸ್ಕೊಳ್ಳಿ. ಇನ್ನೊಂದು ದಿನ ಉದ್ದ ಸವಾರಿ, ಹಗುರವಾಗಿ. ಆಮೇಲೆ ಹಿಂದೆ 11-34 ಕ್ಯಾಸೆಟ್ (ಹಿಂಚಕ್ರದ ಹಲ್ಲುಗಾಲಿಗಳ ಗೊಂಚಲು, ಹಲ್ಲು ಹೆಚ್ಚಿದಷ್ಟೂ ತುಳಿತ ಹಗುರ) ಹಾಕ್ಸಿ.

ಒಂಟಿಗೇರು:
"11-34 ಹಾಕ್ಸಿ" ಅಂತೆ. ಕಾಲಲ್ಲಿ ಶಕ್ತಿ ಇಲ್ದಿದ್ರೆ ಅಂಗಡಿಯಿಂದ ತರ್ಬೇಕಾ? ನಮ್ಮಪ್ಪ ಅಟ್ಲಾಸ್ ಸೈಕಲ್ಲಲ್ಲಿ ಪ್ರತಿ ಆಷಾಢ ಶುಕ್ರವಾರ ಈ ಬೆಟ್ಟ ಹತ್ತೋರು. ಒಂದೇ ಗೇರು, ಕಾಲಿಗೆ ಹವಾಯಿ ಚಪ್ಪಲಿ, ಕ್ಯಾರಿಯರ್ ಮೇಲೆ ನಮ್ಮಮ್ಮ.

ಧಾರವಾಡದ ಗಾಳಿ:
ಹತ್ಯಾರೋ, ದಬ್ಬ್ಯಾರೋ? ಅದನ್ನ ಮೊದ್ಲ ಹೇಳ್ರಿ. ನಮ್ಮ ಕಡೆನೂ ಅಟ್ಲಾಸ್ ಇದ್ವು. ಏರು ಬಂತಂದ್ರ ಇಳದು ದಬ್ಬಿಕೊಂಡ ಹೋಗೂದು, ಇಳುಕಲು ಬಂದಾಗ ಹತ್ತಿ ಕೂಡೂದು.

ಒಂಟಿಗೇರು:
ನಿಮ್ಮ ಕಡೆ ದಬ್ಬಿರಬಹುದು. ಬಯಲುಸೀಮೆಯವರು ಬೆಟ್ಟದ ಬಗ್ಗೆ ಮಾತಾಡೋದು ಈಜು ಬರದವನು ಕಾವೇರಿ ಆಳ ಹೇಳಿದ ಹಾಗೆ.

ಧಾರವಾಡದ ಗಾಳಿ:
ಧಾರವಾಡಕ್ಕ ಬಯಲುಸೀಮಿ ಅಂದ್ರಲ್ಲ, ಒಮ್ಮೆರ ಬಂದೀರೇನು? ಊರೇ ಏರಿಳಿತದ್ದು. ಕೇಳಿದ್ದಕ್ಕ ಉತ್ತರ ಬರ್ಲಿಲ್ಲ ನೋಡ್ರಿ.

ಲೆಕ್ಕದಮೇಷ್ಟ್ರು:
ಅಟ್ಲಾಸ್‌ನಂಥ ಸೈಕಲ್ಲಿಗೆ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದೆ 18. ಪೆಡಲ್ ಒಂದು ಸುತ್ತು ತಿರುಗಿದ್ರೆ ಸೈಕಲ್ ಸುಮಾರು 5.4 ಮೀಟರ್ ಮುಂದೆ ಹೋಗ್ಬೇಕು. ಹೊಸಚಕ್ರರ ಅತಿ ಹಗುರ ಗೇರು, ಮುಂದೆ 34 ಹಿಂದೆ 28ರಲ್ಲಿ, ಬರೀ 2.55 ಮೀಟರ್. ಅಂದ್ರೆ ಅದೇ ಏರಿಗೆ ಒಂದೊಂದು ತುಳಿತಕ್ಕೂ ಎರಡರಷ್ಟು ಭಾರ. ಅದರ ಮೇಲೆ ಕ್ಯಾರಿಯರ್‌ನಲ್ಲಿ ಅಮ್ಮ. ಒಬ್ಬರೇ ಆಗಿದ್ರೆ ಗಟ್ಟಿಗರು ಪೆಡಲ್ ಮೇಲೆ ನಿಂತು ಹತ್ತಬಹುದು. ಹಿಂದೆ ಇನ್ನೊಬ್ಬರನ್ನ ಕೂರಿಸಿ ತುದಿವರೆಗೂ ಅಂದ್ರೆ ನನ್ನ ಲೆಕ್ಕ ಒಪ್ಪಲ್ಲ.

ಒಂಟಿಗೇರು:
"ಗಟ್ಟಿಗರು ಹತ್ತಬಹುದು" ಅಂತ ನೀವೇ ಒಪ್ಪಿದ್ರಿ. ಮುಗೀತು.

ಲೆಕ್ಕದಮೇಷ್ಟ್ರು:
ಮುಂದಿನ ವಾಕ್ಯನೂ ಓದಿ ಸ್ವಾಮಿ.

ಮಂಡಿಮಾತು:
"ಕಾಲಲ್ಲಿ ಶಕ್ತಿ" ಅಂತ ನಂಬಿ ಕೆಟ್ಟವಳು ನಾನು. ಎರಡು ವರ್ಷದ ಹಿಂದೆ ಭಾರದ ಗೇರಲ್ಲಿ ನಿಮಿಷಕ್ಕೆ 45 ಸುತ್ತು ತುಳೀತಾ ಇದೇ ಬೆಟ್ಟ ಹತ್ತಿ ಹತ್ತಿ ಎಡಮಂಡಿ ಚಿಪ್ಪಿನ ಸುತ್ತ ನೋವು ಬಂತು. ಆರು ವಾರ ಸೈಕಲ್ ಮುಟ್ಟಲಿಲ್ಲ, ಭಾರತೀಯ ಶೌಚಾಲಯದಲ್ಲಿ ಕೂತ್ರೆ ಏಳೋಕಾಗ್ತಿರಲಿಲ್ಲ. ಸೀಟು ಎರಡು ಬೆರಳಷ್ಟು ಏರಿಸಿ, ದೊಡ್ಡ ಕ್ಯಾಸೆಟ್ ಹಾಕಿ 70ರ ಮೇಲೆ ತುಳಿಯೋಕೆ ಶುರು ಮಾಡಿದ ಮೇಲೆ ಮತ್ತೆ ಬಂದಿಲ್ಲ.

ಒಂಟಿಗೇರು:
ಹಾಗಾದ್ರೆ ತಪ್ಪು ಸೀಟಿನದು, ಗೇರಿನದಲ್ಲ. ಇನ್ನು ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಶುರು ಮಾಡಿದ ಆನ್ರಿ ದೆಗ್ರಾಂಜ್ 1902ರಲ್ಲೇ ಬರೆದಿದ್ದಾನೆ, ಗೇರ್ ಬದಲಾಯಿಸೋದು 45 ದಾಟಿದವರಿಗೆ ಅಂತ. ಇದಕ್ಕೇನಂತೀರಿ?

ಮಂಡಿಮಾತು:
ನನಗೆ 47. ಅಪ್ಪಣೆ ಕೊಡಿಸಿದ್ದಕ್ಕೆ ಥ್ಯಾಂಕ್ಸ್.

ಘಾಟಿಪ್ರಿಯ:
ಅರ್ಧ ಕಥೆ ಹೇಳ್ಬೇಡಿ. ಆ ಕಾಲದ ಟೂರ್ ಸವಾರರು ಹಿಂದಿನ ಚಕ್ರದ ಎರಡೂ ಬದಿಗೆ ಬೇರೆ ಬೇರೆ ಹಲ್ಲು ಹಾಕ್ಸಿರೋರು. ಏರು ಬಂದ್ರೆ ಇಳಿದು ಚಕ್ರ ತಿರುವಿ ಹಾಕೋರು. ಅದೂ ಗೇರೇ ಅಲ್ವಾ, ಕೈಗೆ ಗ್ರೀಸ್ ಹತ್ತೋ ಗೇರು. ದೆಗ್ರಾಂಜ್ ಪಕ್ಕಕ್ಕೆ ಸರಿದ ಮರುವರ್ಷ, 1937ರಲ್ಲಿ, ಟೂರ್‌ನಲ್ಲಿ ಡಿರೇಲರ್ (ಚೈನನ್ನ ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸೋ ಸಾಧನ) ಬಳಸೋಕೆ ಬಿಟ್ಟರು. ಇನ್ನು ದಬ್ಬೋ ವಿಷಯ. 1910ರಲ್ಲಿ ಪಿರೆನೀಸ್ ಪರ್ವತದ ದೊಡ್ಡ ಏರುಗಳನ್ನ ಮೊದಲ ಸಲ ಸೇರಿಸಿದಾಗ, ಆ ವರ್ಷ ಗೆದ್ದ ಒಕ್ತಾವ್ ಲಾಪೀಜೇ ಅಲ್ಲಲ್ಲಿ ಇಳಿದು ತಳ್ಳಿಕೊಂಡು ಹೋದ, ಸಂಘಟಕರನ್ನ ಕೊಲೆಗಾರರು ಅಂತ ಬೈದ.

ಧಾರವಾಡದ ಗಾಳಿ:
ನೋಡ್ರಿ ಮತ್ತ! ಟೂರ್ ಗೆದ್ದಾವನೂ ದಬ್ಬ್ಯಾನ. ಇವರ ಅಪ್ಪ ಮಾತ್ರ ದಬ್ಬಿಲ್ಲ.

ಒಂಟಿಗೇರು:
ನಮ್ಮಪ್ಪನ ಹೆಸರು ತೆಗೀಬೇಡಿ.

ಧಾರವಾಡದ ಗಾಳಿ:
ತೆಗದಾವ ನೀವ.

ಒಂಟಿಗೇರು:
ಸೈಕಲ್ ಅಂದ್ರೆ ಲಕ್ಷ ಸುರಿದು ಅಂಗಡಿಯವನನ್ನ ಉದ್ಧಾರ ಮಾಡೋದು ಅಂತ ತಿಳ್ಕೊಂಡಿರೋ ಜನಕ್ಕೆ ಬೆವರಿನ ಬೆಲೆ ಎಲ್ಲಿ ಗೊತ್ತಾಗ್ಬೇಕು. ನಾಳೆ ಬೆಟ್ಟಕ್ಕೆ ಲಿಫ್ಟ್ ಹಾಕ್ಸಿ ಅಂತೀರಿ.

ಲೆಕ್ಕದಮೇಷ್ಟ್ರು:
ಲಿಫ್ಟ್ ಬೇಡ. 34 ಹಲ್ಲಿನ ಕ್ಯಾಸೆಟ್ ಹಾಕಿದ್ರೆ ಗಂಟೆಗೆ ಅದೇ 9 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 59ರ ಬದಲು 71 ಸುತ್ತು, ಒಂದೊಂದು ತುಳಿತದ ಭಾರ ಶೇ. 18 ಕಮ್ಮಿ. ಶ್ವಾಸಕೋಶದ ಕೆಲಸ ಹಾಗೇ ಉಳಿಯುತ್ತೆ, ಬೆವರೂ ಹಾಗೇ ಬರುತ್ತೆ, ಹೆದರ್ಬೇಡಿ. ಹೊಸಚಕ್ರರೇ, ತೂಕದ ಬಗ್ಗೆನೂ ಕೇಳಿಸ್ಕೊಳ್ಳಿ: ನೀವೂ ಸೈಕಲ್ಲೂ ಸೇರಿ 85 ಕೆಜಿ ಅಂದ್ಕೊಂಡ್ರೆ, ಒಂದು ಕೆಜಿ ಇಳಿದ್ರೆ ಅರ್ಧ ಗಂಟೆಯ ಏರಿನಲ್ಲಿ 20 ಸೆಕೆಂಡ್ ಉಳಿಯುತ್ತೆ. ಅದಕ್ಕೋಸ್ಕರ ಮಸಾಲೆ ದೋಸೆ ಬಿಡೋದು ನಿಮ್ಮಿಷ್ಟ.

ರಾಗಿಮುದ್ದೆ77:
ದೋಸೆ ಬಿಡಿ ಅಂತ ಹೇಳಿದ್ದು ಯಾರು? ಬೆಳಿಗ್ಗೆ ಖಾಲಿ ಹೊಟ್ಟೇಲಿ ಹತ್ತೋದೇ ತಪ್ಪು.

ಲೆಕ್ಕದಮೇಷ್ಟ್ರು:
ಬಿಡಿ ಅಂತ ನಾನೂ ಹೇಳಿಲ್ಲ!

ಮಂಡಿಮಾತು:
ಕ್ಯಾಸೆಟ್ ತರೋ ಮುಂಚೆ ಒಂದು ವಿಷಯ. ಹಿಂದಿನ ಡಿರೇಲರ್ ಕೇಜ್ (ಚೈನ್ ಹಾದು ಹೋಗೋ ಕೆಳಗಿನ ತೋಳು) ಗಿಡ್ಡ ಇದ್ರೆ 34 ಹಿಡಿಯಲ್ಲ. ನನಗೆ ಒಂದು ಅಂಗಡಿಯವರು ನೋಡದೇ ಹಾಕಿಕೊಟ್ಟು, ದೊಡ್ಡ ಹಲ್ಲಿಗೆ ಹೋದಾಗೆಲ್ಲ ಕರಕರ ಸದ್ದು. ಕೊನೆಗೆ ಉದ್ದ ಕೇಜ್‌ಗೆ ಬೇರೆ ದುಡ್ಡು ಕೊಟ್ಟೆ. ಚೈನೂ ಉದ್ದ ಬೇಕಾಗ್ಬಹುದು.

ಒಂಟಿಗೇರು:
"ಬೇರೆ ದುಡ್ಡು ಕೊಟ್ಟೆ". ಇದನ್ನೇ ನಾನು ಮೊದಲಿಂದ ಹೇಳ್ತಿರೋದು.

ಹೊಸಚಕ್ರ:
ಎಲ್ಲರಿಗೂ ವಂದನೆ. ಇವತ್ತು ಬೆಳಿಗ್ಗೆ ಘಾಟಿಪ್ರಿಯ ಹೇಳಿದ ಹಾಗೆ ನಿಧಾನ ಶುರು ಮಾಡಿದೆ. ವಾಕಿಂಗ್ ಬಂದಿದ್ದ ಅಜ್ಜಿಯೊಬ್ಬರು "ಏನಪ್ಪಾ, ಸೈಕಲ್ ಕೆಟ್ಟಿದ್ಯಾ?" ಅಂತ ಕೇಳಿದ್ರು, ಅಷ್ಟು ನಿಧಾನ. ಮೂರರ ಬದಲು ಒಂದೇ ಸಲ ನಿಂತೆ. ಅದೂ ಹಿಂದಿಂದ ಬಸ್ ಹಾರ್ನ್ ಹೊಡೀತು ಅಂತ.

ಒಂಟಿಗೇರು:
ಅದೇ 28ರಲ್ಲೇ ತಾನೇ? ಹೊಸ ಕ್ಯಾಸೆಟ್ ಬೇಕಿರ್ಲಿಲ್ಲ ಅಂತಾಯ್ತು.

ಘಾಟಿಪ್ರಿಯ:
ನಿಧಾನ ಹೋಗು ಅಂದಿದ್ದು ಯಾರು ಸ್ವಾಮಿ?

ಧಾರವಾಡದ ಗಾಳಿ:
ಅಟ್ಲಾಸ್ ಪ್ರಶ್ನೆ ಇನ್ನೂ ಹಂಗ ಐತಿ.

ಒಂಟಿಗೇರು:
ಸರಿ, ಅಪ್ಪಂಗೆ ಫೋನ್ ಮಾಡಿ ಕೇಳಿದೆ. ನಂದಿ ತಿರುವಿನ ತನಕ ತುಳ್ಕೊಂಡೇ ಹೋಗ್ತಿದ್ರಂತೆ. ಅಲ್ಲಿಂದಾಚೆ ತಾಯಿ ಸನ್ನಿಧಿ, ಸೈಕಲ್ ಮೇಲೆ ಕೂತು ಹೋಗ್ಬಾರ್ದು ಅಂತ ಇಳಿದು ನಡೀತಿದ್ರಂತೆ. ಅದು ಭಕ್ತಿ. ಸುಸ್ತಲ್ಲ.

ಧಾರವಾಡದ ಗಾಳಿ:
ಸೈಕಲ್ಲೂ ಭಕ್ತಿಯಿಂದನ ನಡೀತಿತ್ತೇನ್ರಿ ಜೋಡಿ?

ಹೊಸಚಕ್ರ:
ಸರ್, ಮೇಡಂ, ನನ್ನ ಡಿರೇಲರ್ ಫೋಟೋ ಹಾಕಿದೀನಿ. ಇದು ಗಿಡ್ಡ ಕೇಜಾ, ಉದ್ದ ಕೇಜಾ? ಯಾರಾದ್ರೂ ಹೇಳಿ.