ಊಡ್ನಡಾಟಾ ಟ್ರ್ಯಾಕ್‌ಗೆ ಮಾವನವರನ್ನು ಕರೆದುಕೊಂಡು ಹೋಗಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನಾವು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿದ್ದೇವೆ. ದಾವಣಗೆರೆಯಿಂದ ಮಾವನವರು ಬರುತ್ತಿದ್ದಾರೆ. ಅವರಿಗೆ 68 ವರ್ಷ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಡಿಸೆಂಬರ್ ರಜೆಯಲ್ಲಿ ಅವರನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಮರುಭೂಮಿಯ ಊಡ್ನಡಾಟಾ ಟ್ರ್ಯಾಕ್‌ನಲ್ಲಿ ಮರ್ರೀಯಿಂದ ಮಾರ್ಲಾವರೆಗೆ ಹೋಗಬೇಕೆಂದಿದ್ದೇವೆ. ಸುಮಾರು 620 ಕಿಲೋಮೀಟರ್ ಟಾರು ಕಾಣದ ರಸ್ತೆ. ಗಾಡಿ ನಮ್ಮದೇ ಫೋರ್ ವೀಲ್ ಡ್ರೈವ್. ಎರಡು ದಿನ ಸಾಕೇ?

ಉತ್ತರ (ಮೆಕ್ಯಾನಿಕ್, ಪೋರ್ಟ್ ಆಗಸ್ಟಾ): ಗಾಡಿಯ ಮಾತು ಆಮೇಲೆ. ಮೊದಲು ತಿಂಗಳು ಬದಲಾಯಿಸಿ. ಇಲ್ಲಿ ಡಿಸೆಂಬರ್ ಎಂದರೆ ಕಡು ಬೇಸಿಗೆ. ಊಡ್ನಡಾಟಾದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ದಾಖಲಾಗಿದೆ. ದಾವಣಗೆರೆಯ ಏಪ್ರಿಲ್ ಬಿಸಿಲು ಕಂಡವರಿಗೆ ಇದೇನು ಮಹಾ ಎನ್ನಿಸಬಹುದು. ಆದರೆ ಅಲ್ಲಿ ನಾಲ್ಕು ಹೆಜ್ಜೆಗೊಂದು ಅಂಗಡಿ, ಒಂದು ಬೇವಿನ ಮರ ಸಿಗುತ್ತದೆ. ಇಲ್ಲಿ ಗಾಡಿ ಕೆಟ್ಟರೆ ಗಾಡಿಯ ನೆರಳೇ ನೆರಳು. ವಯಸ್ಸಾದವರನ್ನೂ ಮಕ್ಕಳನ್ನೂ ಡಿಸೆಂಬರ್‌ನಲ್ಲಿ ಕರೆದೊಯ್ಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಜುಲೈ ರಜೆಯಲ್ಲಿ ಹೋಗಿ. ರಾತ್ರಿ ಚಳಿ ಕೊರೆಯುತ್ತದೆ, ಕಂಬಳಿ ಇರಲಿ.

ಎರಡು ದಿನ ಸಾಲದು, ನಾಲ್ಕು ದಿನ ಇಟ್ಟುಕೊಳ್ಳಿ. ಮರ್ರೀಯಿಂದ ವಿಲಿಯಂ ಕ್ರೀಕ್, ಅಲ್ಲಿಂದ ಊಡ್ನಡಾಟಾ, ಅಲ್ಲಿಂದ ಮಾರ್ಲಾ, ಪ್ರತಿ ಹಂತವೂ 200 ಕಿಲೋಮೀಟರ್ ಆಸುಪಾಸು. ನಡುವೆ ಬಂಕ್ ಇಲ್ಲ. ಅರ್ಧ ಟ್ಯಾಂಕ್ ಇದ್ದರೂ ಪ್ರತಿ ಊರಿನಲ್ಲಿ ತುಂಬಿಸಿ. ರಸ್ತೆ ಮೇಲ್ಛಾವಣಿಯ ತಗಡಿನಂತೆ ಅಲೆಅಲೆಯಾಗಿರುತ್ತದೆ. ಆ ನಡುಕಕ್ಕೆ ಬ್ಯಾಟರಿಯ ಕ್ಲಾಂಪು ಸಡಿಲವಾಗುತ್ತದೆ, ಶಾಕ್ ಅಬ್ಸಾರ್ಬರ್ ಸೋರುತ್ತದೆ. ಟೈರಿನ ಗಾಳಿ ಸ್ವಲ್ಪ ಇಳಿಸಿ, ವೇಗವನ್ನೂ ಇಳಿಸಿ. ಗಾಳಿ ಇಳಿಸಿ ವೇಗವಾಗಿ ಓಡಿಸಿದರೆ ಟೈರ್ ಕಾದು ಸಿಡಿಯುತ್ತದೆ. ಸ್ಟೆಪ್ನಿ ಎರಡು ಬೇಕು. ಎದುರಿಗೆ ರೋಡ್ ಟ್ರೇನ್, ಅಂದರೆ ಹಲವು ಟ್ರೇಲರ್ ಎಳೆಯುವ ಲಾರಿ, ಬಂದರೆ ಎಡಕ್ಕೆ ಸರಿದು ನಿಲ್ಲಿ. ಅದು 50 ಮೀಟರ್‌ಗೂ ಉದ್ದವಿರಬಹುದು, ಹಿಂದೆ ಎಬ್ಬಿಸುವ ಧೂಳಿನಲ್ಲಿ ಏನೂ ಕಾಣುವುದಿಲ್ಲ. ಸಂಜೆಯಾದ ಮೇಲೆ ಓಡಿಸಬೇಡಿ. ದನವೂ ಕಾಂಗರೂವೂ ರಸ್ತೆಗೆ ಬರುತ್ತವೆ.

ಪ್ರಶ್ನೆ: ಸರಿ ಸರ್, ಜುಲೈ ಎಂದೇ ಇಟ್ಟುಕೊಳ್ಳುತ್ತೇವೆ. ದಾರಿಯಲ್ಲಿ ಗಾಡಿ ನಿಂತುಹೋದರೆ? ಮೊಬೈಲ್ ಸಿಗುತ್ತದೆಯೇ?

ಉತ್ತರ: ಊರು ದಾಟಿದರೆ ಸಿಗ್ನಲ್ ಮರೆತುಬಿಡಿ. ಸ್ಯಾಟಲೈಟ್ ಫೋನ್ ಬಾಡಿಗೆಗೆ ಸಿಗುತ್ತದೆ, ಅದಕ್ಕೆ ಜಿಪುಣತನ ಬೇಡ. ಅಪಾಯದಲ್ಲಿ ಸ್ಯಾಟಲೈಟ್ ಮೂಲಕ ನೀವಿರುವ ಜಾಗ ತಿಳಿಸುವ ತುರ್ತು ಬೀಕನ್ ಒಂದನ್ನು ಕೊಂಡು ನಿಮ್ಮ ಹೆಸರಿನಲ್ಲಿ ನೋಂದಾಯಿಸಿ. ಯಾವ ದಿನ ಎಲ್ಲಿರುತ್ತೀರಿ, ಎಷ್ಟು ಹೊತ್ತಿನೊಳಗೆ ನಿಮ್ಮ ಕರೆ ಬಾರದಿದ್ದರೆ ಪೊಲೀಸರಿಗೆ ಹೇಳಬೇಕು ಎಂಬುದನ್ನು ಅಡಿಲೇಡ್‌ನಲ್ಲಿ ಒಬ್ಬರಿಗೆ ಬರೆದುಕೊಡಿ.

ಗಾಡಿ ನಿಂತರೆ ಗಾಡಿಯನ್ನು ಬಿಟ್ಟು ಹೋಗಬೇಡಿ. ಇದನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿ. 1998ರ ಡಿಸೆಂಬರ್‌ನಲ್ಲಿ ಆಸ್ಟ್ರಿಯಾದ ಜೋಡಿಯೊಂದರ ಗಾಡಿ ಈ ದಾರಿಯ ಕಡೆಯ ಉಪ್ಪಿನ ಸರೋವರ ಲೇಕ್ ಐರ್ ದಡದ ಹ್ಯಾಲಿಗನ್ ಬೇಯಲ್ಲಿ ಹೂತುಕೊಂಡಿತು. ಅಲ್ಲಿ ತೊಟ್ಟಿಯಲ್ಲಿ ನೀರಿತ್ತು. ಇಬ್ಬರೂ ಸಹಾಯ ಹುಡುಕುತ್ತ ವಿಲಿಯಂ ಕ್ರೀಕ್ ಕಡೆಗೆ ನಡೆದರು. ನಡುವೆ ಅವನು ಗಾಡಿಯ ಬಳಿಗೆ ಹಿಂದಿರುಗಿದ, ಬದುಕಿದ. ಅವಳು ಮುಂದೆ ನಡೆದಳು, ದಾರಿಯಲ್ಲೇ ತೀರಿಕೊಂಡಳು. ವಿಮಾನದಿಂದ ಹುಡುಕುವವರ ಕಣ್ಣಿಗೆ ಗಾಡಿ ಬೀಳುತ್ತದೆ, ಮನುಷ್ಯ ಬೀಳುವುದಿಲ್ಲ.

ಮತ್ತೊಬ್ಬರ ಪ್ರಶ್ನೆ: ನೀರು ಎಷ್ಟು ಒಯ್ಯಬೇಕು?

ಉತ್ತರ: ತಲೆಗೆ ದಿನಕ್ಕೆ 10 ಲೀಟರ್. ಇವರು ಐದು ಜನ. ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವಾಗ ಎರಡು ದಿನದ ಲೆಕ್ಕಕ್ಕೆ 100 ಲೀಟರ್ ಕೈಯಲ್ಲಿರಲಿ. 20 ಲೀಟರಿನ ಐದು ಕ್ಯಾನ್ ಮಾಡಿ. ಒಂದೇ ದೊಡ್ಡ ಡ್ರಮ್ ಆದರೆ, ಅದು ಸೀಳಿದ ದಿನ ಎಲ್ಲವೂ ಹೋಯಿತು. ಆ ಭಾರ ಚಾವಣಿಯ ಮೇಲಲ್ಲ, ಒಳಗೆ, ಕೆಳಗೆ. ತಿನ್ನಲು ಅವಲಕ್ಕಿ, ಹುರಿಗಾಳು, ಹಣ್ಣು ಧಾರಾಳ ಸಾಕು. ಮಾವನವರ ಮಾತ್ರೆ ಮಾತ್ರ ಇನ್ನೂ ಒಂದು ವಾರದಷ್ಟು ಹೆಚ್ಚಿಗೆ ಇರಲಿ.

ಮಳೆ ಬಿದ್ದರೆ ಈ ಮಣ್ಣು ಸಾಬೂನಾಗುತ್ತದೆ, ರಸ್ತೆ ಮುಚ್ಚುತ್ತಾರೆ. ಮುಚ್ಚಿದೆ ಎಂಬ ಫಲಕ ಕಂಡರೆ ಅಲ್ಲಿಯೇ ಉಳಿಯಿರಿ. ಮುಚ್ಚಿದ ರಸ್ತೆಯಲ್ಲಿ ಹೋದವರಿಗೆ ದಂಡವಿದೆ. ಅದಕ್ಕಿಂತ, ಅವರು ಕೊರೆದ ಗಾಲಿಯ ಹಳ್ಳಗಳು ಒಣಗಿ ಗಟ್ಟಿಯಾಗಿ ಅಲ್ಲಿನ ಜನರನ್ನು ಬಹಳ ದಿನ ಕಾಡುತ್ತವೆ.

ಪ್ರಶ್ನೆ: ಮಾವನವರಿಗೆ ಇತಿಹಾಸವೆಂದರೆ ಪ್ರಾಣ. ಅವರಿಗಾಗಿ ಎಲ್ಲಿ ನಿಲ್ಲಬೇಕು?

ಉತ್ತರ: ಮರ್ರೀಯಲ್ಲಿ ಅರ್ಧ ದಿನ ನಿಲ್ಲಿ. ರೈಲು, ಲಾರಿ ಬರುವ ಮುಂಚೆ ಈ ಸೀಮೆಯ ಸಾಮಾನನ್ನೆಲ್ಲ ಒಂಟೆಗಳ ಮೇಲೆ ಹೊತ್ತು ತಂದವರು ಅಲ್ಲಿ ನೆಲೆಸಿದ್ದರು. ‘ಅಫ್ಘನ್ನರು’ ಎಂದು ಕರೆದರೂ ಅವರಲ್ಲಿ ಅನೇಕರು ಅಂದಿನ ಬ್ರಿಟಿಷ್ ಇಂಡಿಯಾದ ಬಲೂಚಿಸ್ತಾನ, ಪಂಜಾಬ್ ಕಡೆಯವರು. ಅವರು ನಮಾಜು ಮಾಡುತ್ತಿದ್ದ ಮಸೀದಿಯ ಮಾದರಿಯನ್ನು ಅಲ್ಲಿ ಕಟ್ಟಿಟ್ಟಿದ್ದಾರೆ. ಅಲ್ಲಿಂದ ಮುಂದಕ್ಕೆ ಹಳೆಯ ‘ಘಾನ್’ ರೈಲಿನ ಹಾದಿ ನಿಮ್ಮ ಪಕ್ಕದಲ್ಲೇ ಬರುತ್ತದೆ. 1980ರಲ್ಲಿ ಅದು ನಿಂತಿತು. ಕೌವರ್ಡ್ ಸ್ಪ್ರಿಂಗ್ಸ್‌ನ ಬುಗ್ಗೆಯಲ್ಲಿ ಮಕ್ಕಳನ್ನು ಆಡಲು ಬಿಡಿ. ಲೇಕ್ ಐರ್ ಇಲ್ಲಿನ ಮೂಲನಿವಾಸಿಗಳಾದ ಅರಬಾನಾ ಜನರಿಗೆ ಪವಿತ್ರವಾದ ನೆಲ. ದಡದಿಂದಲೇ ನೋಡಿ ಬನ್ನಿ.

ಹೊರಡುವಾಗ ಪೋರ್ಟ್ ಆಗಸ್ಟಾ ದಾರಿಯಲ್ಲೇ ಬನ್ನಿ. ಹಿಂದಿನ ಸಂಜೆ ಗಾಡಿ ತಂದರೆ ಅಡಿಯಿಂದ ನೋಡಿ, ಎರಡನೆಯ ಸ್ಟೆಪ್ನಿಯನ್ನು ನಾನೇ ಕಟ್ಟಿಕೊಡುತ್ತೇನೆ.