ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು ದಿನವೂ ಕೊಕ್ಕೊ ಸೇವಿಸಬಹುದೇ?

ಪ್ರಶ್ನೆ:
ನಮಸ್ಕಾರ. 62 ವರ್ಷದ ನನ್ನ ತಂದೆಯವರು ಪುತ್ತೂರಿನ ಸಮೀಪ ಅಡಿಕೆ ತೋಟದ ನಡುವೆ ಕೊಕ್ಕೊ ಬೆಳೆಯುತ್ತಾರೆ. ಅದು ರಕ್ತದೊತ್ತಡಕ್ಕೆ ಒಳ್ಳೆಯದೆಂದು ಯಾರೋ ಹೇಳಿದ ಮೇಲೆ, ಮನೆಯಲ್ಲೇ ಹುಳಿಸಿ, ಒಣಗಿಸಿ, ಹುರಿದ ಬೀಜದ ಪುಡಿಯನ್ನು ಎರಡು ಚಮಚದಷ್ಟು ಬಿಸಿನೀರಿಗೆ ಬೆರೆಸಿ ಪ್ರತಿ ರಾತ್ರಿ ಕುಡಿಯುತ್ತಿದ್ದಾರೆ. ಮೂರು ತಿಂಗಳಿಂದ ಅವರಿಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ, ಹುಳಿತೇಗೂ ಹೆಚ್ಚಾಗಿದೆ. ನಾಲ್ಕು ವರ್ಷಗಳ ಹಿಂದೆ ಮೂತ್ರಪಿಂಡದಲ್ಲಿ ಕಲ್ಲಾಗಿ ಅವರು ಪಟ್ಟ ನೋವನ್ನು ಕಂಡಿದ್ದರಿಂದ ನನಗೆ ಅದರದ್ದೇ ಹೆಚ್ಚು ಆತಂಕ. ಕೇಳಿದರೆ, "ನಮ್ಮ ತೋಟದ್ದೇ ಅಲ್ಲವೇ, ಅದರಲ್ಲಿ ಏನು ದೋಷ?" ಎನ್ನುತ್ತಾರೆ.

ಉತ್ತರ 1:
ಆಗ ಆಗಿದ್ದ ಕಲ್ಲು ಯಾವ ಬಗೆಯದೆಂದು ಹಳೆಯ ವರದಿಯಲ್ಲಿ ನೋಡಿ. ಬಹುಪಾಲು ಕಲ್ಲುಗಳಂತೆ ಅದೂ ಕ್ಯಾಲ್ಸಿಯಂ ಆಕ್ಸಲೇಟಿನದಾಗಿದ್ದರೆ (ಆಕ್ಸಲೇಟ್ ಎಂದರೆ ಸಸ್ಯಗಳಲ್ಲಿರುವ, ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗಬಲ್ಲ ವಸ್ತು) ನಿಮ್ಮ ಆತಂಕಕ್ಕೆ ಕಾರಣವಿದೆ. ಪಾಲಕ್ ಸೊಪ್ಪಿನ ಹಾಗೆ ಕೊಕ್ಕೊದಲ್ಲಿಯೂ ಆಕ್ಸಲೇಟ್ ಹೆಚ್ಚು, ಸಕ್ಕರೆ ಬೆರೆತ ಚಾಕೊಲೇಟಿಗಿಂತ ಬರಿಯ ಪುಡಿಯಲ್ಲಂತೂ ಇನ್ನೂ ಹೆಚ್ಚು. ಕಲ್ಲಾದವರು ಹಾಲು ಬಿಡಬೇಕೆಂಬ ನಂಬಿಕೆ ಹಲವರಲ್ಲಿದೆ, ಅದು ಸರಿಯಲ್ಲ. ಹಾಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದಿಟ್ಟು, ಅದು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಹಾಗೆಂದು ಹಾಲು ಬೆರೆಸಿ ಮುಂದುವರಿಸಿ ಎಂದು ನಾನು ಹೇಳಲಾರೆ. ಅವರನ್ನು ನೋಡಿದ ವೈದ್ಯರು ಹೇಳುವವರೆಗೆ ನಿಲ್ಲಿಸುವುದೇ ಕ್ಷೇಮ.

ಉತ್ತರ 2:
ನಿದ್ದೆಗೆಡಲು ಕೊಕ್ಕೊದಲ್ಲಿರುವ ಕೆಫೀನ್ ಮತ್ತು ಅದೇ ಬಗೆಯ ಉತ್ತೇಜಕವಾದ ಥಿಯೋಬ್ರೋಮಿನ್ ಕಾರಣವಾಗಿರಬಹುದು. ಥಿಯೋಬ್ರೋಮಿನ್ ಸೌಮ್ಯವಾದರೂ ಪ್ರಮಾಣದಲ್ಲಿ ಹಲವು ಪಟ್ಟು ಹೆಚ್ಚಿರುತ್ತದೆ ಮತ್ತು ಗಂಟೆಗಟ್ಟಲೆ ದೇಹದಲ್ಲಿ ಉಳಿಯುತ್ತದೆ. ಅನ್ನನಾಳದ ಕೆಳಗಿನ ಬಿಗಿ ಸಡಿಲವಾಗಿ ಹುಳಿ ಮೇಲೇರುವುದಕ್ಕೂ ಇವು ಕಾರಣವಾಗುತ್ತವೆ. ರಕ್ತದೊತ್ತಡದ ವಿಷಯದಲ್ಲಿ, ಕೊಕ್ಕೊದ ಫ್ಲಾವನಾಲ್‌ಗಳೆಂಬ ಸಸ್ಯಾಂಶಗಳಿಂದ ಆಗುವ ಇಳಿಕೆ ಅತ್ಯಲ್ಪ. ದಯವಿಟ್ಟು ಅದನ್ನು ನಂಬಿ ಮಾತ್ರೆ ಬಿಡಲು ಮಾತ್ರ ಅವಕಾಶ ಕೊಡಬೇಡಿ.

ಉತ್ತರ 3:
ತಂದೆಯವರ ಮಾತಿಗೆ ಒಂದು ಉತ್ತರ. ಕೊಕ್ಕೊ ಮರ ಮಣ್ಣಿನಲ್ಲಿರುವ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹವನ್ನು ಬೇರಿನಿಂದಲೇ ಹೀರಿಕೊಳ್ಳುತ್ತದೆ. ಆದ್ದರಿಂದ ತೋಟ ಸ್ವಂತದ್ದಾದರೂ ಮಣ್ಣನ್ನೋ ಬೀಜವನ್ನೋ ಪರೀಕ್ಷಿಸದೆ ಏನೂ ಹೇಳಲಾಗದು. ಈ ಲೋಹ ಮೂತ್ರಪಿಂಡದಲ್ಲೇ ದಶಕಗಳ ಕಾಲ ಶೇಖರವಾಗುವುದರಿಂದ ಐರೋಪ್ಯ ಒಕ್ಕೂಟವು 2019ರಿಂದ ಶೇಕಡಾ 50 ಅಥವಾ ಅದಕ್ಕೂ ಹೆಚ್ಚು ಕೊಕ್ಕೊ ಇರುವ ಚಾಕೊಲೇಟಿಗೆ ಕಿಲೋಗೆ 0.80 ಮಿಲಿಗ್ರಾಂ ಮಿತಿ ವಿಧಿಸಿದೆ. ಇನ್ನೊಂದು ವಿಷಕಾರಿ ಲೋಹವಾದ ಸೀಸದ ದಾರಿ ಬೇರೆ: ಅದು ಹೆಚ್ಚಾಗಿ ಒಣಗಿಸುವಾಗ ಧೂಳಿನೊಂದಿಗೆ ಬೀಜದ ಸಿಪ್ಪೆಗೆ ಅಂಟುತ್ತದೆ. ಬೀಜವನ್ನು ನೆಲದ ಮೇಲೆ ಹರಡದೆ, ರಸ್ತೆಯಿಂದ ದೂರ, ಎತ್ತರದ ತಟ್ಟಿಯ ಮೇಲೆ ಒಣಗಿಸಲಿ. ಹುರಿದ ಮೇಲೆ ಸಿಪ್ಪೆಯನ್ನು ಪೂರ್ತಿ ತೆಗೆಯಲಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ವರದಿ ಸಿಕ್ಕಿತು, ಕಲ್ಲು ಆಕ್ಸಲೇಟಿನದೇ. ಅದನ್ನು ತೋರಿಸಿದ ಮೇಲೆ ಅಪ್ಪ ಪುಡಿಯ ಡಬ್ಬಿಯನ್ನು ತಾವೇ ತೆಗೆದಿಟ್ಟರು. ಸೋಮವಾರ ವೈದ್ಯರ ಬಳಿಗೆ ಹೋಗುತ್ತಿದ್ದೇವೆ.