ಕಡಕ್ ರೊಟ್ಟಿ ಪಾರ್ಸೆಲ್: ತೂಕ ಮೂರೂವರೆ ಕಿಲೋ, ಬಿಲ್ಲು ಎಂಟು ಕಿಲೋಗೆ. ಯಾವ ಅಳತೆಯ ಬಾಕ್ಸ್ ತರಿಸಬೇಕು?

ಪ್ರಶ್ನೆ (ರೊಟ್ಟಿ ಮಾಡುವವರು, ವಿಜಯಪುರ)

ನಾವು ಕೆಲವು ಹೆಣ್ಣುಮಕ್ಕಳು ಸೇರಿ ಮಾಲದಂಡಿ ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡಿ ಬೆಂಗಳೂರು, ಪುಣೆ, ಮುಂಬೈಗೆ ಕಳಿಸುತ್ತೇವೆ. ರೊಟ್ಟಿಯ ಅಗಲ 24 ಸೆಂ.ಮೀ., ಐವತ್ತು ರೊಟ್ಟಿ ಪೇರಿಸಿದರೆ ಎತ್ತರ ಸುಮಾರು 18 ಸೆಂ.ಮೀ. ಚಟ್ನಿ, ಬಾಕ್ಸ್ ಎಲ್ಲ ಸೇರಿ ತೂಕ ಮೂರೂವರೆ ಕಿಲೋ. ಈಗ ಬಳಸುತ್ತಿರುವುದು ಪೇಟೆಯಲ್ಲಿ ಸಿಗುವ 40×40×25 ಸೆಂ.ಮೀ. ಬಾಕ್ಸ್. ಕೊರಿಯರ್‌ನವರು ಎಂಟು ಕಿಲೋಗೆ ಹಣ ಹಾಕುತ್ತಾರೆ. ಇಷ್ಟಾದರೂ ತಲುಪುವಷ್ಟರಲ್ಲಿ ರೊಟ್ಟಿ ಮುರಿದಿರುತ್ತವೆ. ರೊಟ್ಟಿಯಲ್ಲಿ ಸಿಗುವ ಲಾಭವೆಲ್ಲ ಸಾಗಣೆಗೇ ಹೋಗುತ್ತಿದೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ (ರಟ್ಟಿನ ಬಾಕ್ಸ್ ತಯಾರಿಸುವವನು, ಉದ್ಯಮಬಾಗ್, ಬೆಳಗಾವಿ)

ತಾಯಿ, ಬಿಲ್ಲಿನ ಲೆಕ್ಕ ಸರಿಯಾಗಿಯೇ ಇದೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದೇ ಗಾತ್ರ-ತೂಕ. ನಿಮ್ಮ ಬಾಕ್ಸಿಗೆ ಅದು ಸರಿಯಾಗಿ 8 ಕಿಲೋ. ಗಾತ್ರ-ತೂಕ, ನಿಜ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. ಕೆಲವರು 4000ದಿಂದ ಭಾಗಿಸುತ್ತಾರೆ. ಆಗ ಇದೇ ಬಾಕ್ಸು 10 ಕಿಲೋ ಆಗುತ್ತದೆ. ಆದ್ದರಿಂದ ದರ ಕೇಳುವ ಮೊದಲು ಭಾಜಕ ಎಷ್ಟು ಎಂದು ಕೇಳಿ.

ರೊಟ್ಟಿ ಮುರಿಯುವುದಕ್ಕೂ ಆ ದೊಡ್ಡ ಬಾಕ್ಸೇ ಕಾರಣ. ಒಳಗೆ ಪೊಳ್ಳು ಇದ್ದರೆ ರೊಟ್ಟಿ ಓಲಾಡುತ್ತವೆ, ಮೇಲೆ ಬೇರೆ ಪಾರ್ಸೆಲ್ ಇಟ್ಟಾಗ ಮುಚ್ಚಳ ಒಳಕ್ಕೆ ಕುಸಿಯುತ್ತದೆ. ದೊಡ್ಡ ಬಾಕ್ಸ್ ಎಂದರೆ ಹೆಚ್ಚು ರಕ್ಷಣೆ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ.

ಈಗ ಚಟ್ನಿ ಎಲ್ಲಿ ಇಡುತ್ತೀರಿ? ಬಹುಶಃ ರೊಟ್ಟಿಯ ಮೇಲೆ. ಅಲ್ಲಿ ಬೇಡವೇ ಬೇಡ. ದುಂಡನೆಯ ರೊಟ್ಟಿಯನ್ನು ಚೌಕ ಬಾಕ್ಸಿನಲ್ಲಿಟ್ಟಾಗ ನಾಲ್ಕು ಮೂಲೆಗಳು ಖಾಲಿ ಉಳಿಯುತ್ತವೆ. ಚಟ್ನಿಯನ್ನು ಐದು ಸೆಂ.ಮೀ. ದಪ್ಪದ ಉದ್ದನೆಯ ಪೊಟ್ಟಣಗಳಲ್ಲಿ ತುಂಬಿ ಮೂಲೆಗೊಂದರಂತೆ ನಿಲ್ಲಿಸಿ. ರೊಟ್ಟಿ ಅಲ್ಲಾಡುವುದಿಲ್ಲ, ಎತ್ತರವೂ ಉಳಿಯುತ್ತದೆ. ಆಗ ಒಳ ಅಳತೆ 27×27×21 ಸಾಕು: ಮೇಲೆ, ಕೆಳಗೆ ಒಂದೂವರೆ ಸೆಂ.ಮೀ. ಅಲೆರಟ್ಟಿನ (ಒಳಗೆ ಅಲೆಯಂತೆ ಮಡಿಸಿದ ಹಾಳೆ ಇರುವ ರಟ್ಟು) ಹಾಸು, ಹತ್ತತ್ತು ರೊಟ್ಟಿಗೆ ಒಂದು ಕವರ್.

ಐದು ಪ್ಲೈ, ಅಂದರೆ ಐದು ಪದರದ ರಟ್ಟನ್ನೇ ಕೇಳಿ. ಮುಂಬೈ ಮಳೆಗೆ ರಟ್ಟು ತೇವ ಹೀರಿ ಮೆತ್ತಗಾಗುತ್ತದೆ, ಮೂರು ಪ್ಲೈ ತಡೆಯುವುದಿಲ್ಲ. ಬಾಕ್ಸಿನ ಗೋಡೆಯಲ್ಲಿ ರಟ್ಟಿನೊಳಗಿನ ಅಲೆಗಳು ನಿಂತ ದಿಕ್ಕಿನಲ್ಲಿರಬೇಕು. ಇನ್ನೊಂದು ವಿಷಯ: ನಾವು ತಯಾರಕರು ಹೇಳುವುದು ಒಳ ಅಳತೆ, ಕೊರಿಯರ್ ಅಳೆಯುವುದು ಹೊರ ಅಳತೆ. ರಟ್ಟು 6 ಮಿ.ಮೀ. ಇದ್ದರೆ ಉದ್ದ, ಅಗಲಕ್ಕೆ 1.2 ಸೆಂ.ಮೀ. ಸೇರುತ್ತದೆ, ಮೇಲೆ, ಕೆಳಗೆ ಮಡಿಕೆ ಎರಡೆರಡು ಪದರ ಇರುವುದರಿಂದ ಎತ್ತರಕ್ಕೆ 2.4. ಅಂದರೆ 28.2×28.2×23.4, ಗಾತ್ರ-ತೂಕ 3.72 ಕಿಲೋ. ನಿಮ್ಮ ನಿಜ ತೂಕಕ್ಕೆ ಹತ್ತಿರ ಬಂತು. ಪೂರ್ತಿ ಕಿಲೋಗೆ ಏರಿಸಿ ಬಿಲ್ಲು ಹಾಕಿದರೂ ನಾಲ್ಕು ಕಿಲೋದ ಗೆರೆ ದಾಟಲಿಲ್ಲ. ಎಂಟು ಕಿಲೋ ಎಲ್ಲಿ, ಇದೆಲ್ಲಿ!

ಉತ್ತರ (ಸೀರೆ ಕಳಿಸುವವಳು, ಇಳಕಲ್)

ಬೆಳಗಾವಿಯವರ ಮಾತು ನಿಜ. ನಾನೊಂದು ಸೇರಿಸುತ್ತೇನೆ. ಟೇಪ್ ಹಚ್ಚಿದ ಮೇಲೆ ಬಾಕ್ಸಿನ ನಡುಭಾಗ ಉಬ್ಬಿದರೆ ಅಳೆಯುವ ಯಂತ್ರ ಆ ಉಬ್ಬನ್ನೇ ಹಿಡಿಯುತ್ತದೆ. ಪ್ರತಿ ಅಳತೆಯ ಬಾಕ್ಸನ್ನು ತುಂಬಿ, ಮುಚ್ಚಿ, ಪಕ್ಕದಲ್ಲಿ ಅಳತೆ ಟೇಪ್ ಇಟ್ಟು, ತಕ್ಕಡಿಯ ಮೇಲಿನ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ. ಹೆಚ್ಚು ತೂಕ ಹಾಕಿದಾಗ ವಾದಿಸಲು ಅದೇ ಸಾಕ್ಷಿ. ಸೀರೆಯ ವ್ಯಾಪಾರಕ್ಕೆ ನನಗೆ ಬಾಕ್ಸೇ ಬೇಡ. 28×22×4ಕ್ಕೆ ಮಡಚಿದರೆ ಗಾತ್ರ-ತೂಕ ಅರ್ಧ ಕಿಲೋದೊಳಗೇ ಇರುತ್ತದೆ, ಗಟ್ಟಿ ಕವರ್ ಸಾಕು. ರೊಟ್ಟಿಗೆ ಆ ಭಾಗ್ಯವಿಲ್ಲ.

ಪ್ರಶ್ನೆ ಕೇಳಿದವರು

ಮೂಲೆಯಲ್ಲಿ ಚಟ್ನಿ ನಿಲ್ಲಿಸುವುದು ಹೊಳೆದೇ ಇರಲಿಲ್ಲ, ಇಬ್ಬರಿಗೂ ಕೈ ಮುಗಿಯುತ್ತೇನೆ. ಮದುವೆ, ಸೀಮಂತಕ್ಕೆ ನೂರು ರೊಟ್ಟಿ ಕೇಳುವವರಿದ್ದಾರೆ. ಅದಕ್ಕೆ ಎತ್ತರದ ಬಾಕ್ಸ್ ತರಿಸಲೇ, ಎರಡು ಬಾಕ್ಸ್ ಕಳಿಸಲೇ?

ಉತ್ತರ (ರಟ್ಟಿನ ಬಾಕ್ಸ್ ತಯಾರಿಸುವವನು, ಉದ್ಯಮಬಾಗ್, ಬೆಳಗಾವಿ)

ಎತ್ತರ ಬೇಡ. ಮೇಲಿನ ರೊಟ್ಟಿಗಳ ಭಾರಕ್ಕೇ ತಳದವು ಬಿರಿಯುತ್ತವೆ. ಎರಡು ಪೇರಿಕೆಗಳನ್ನು ಅಕ್ಕಪಕ್ಕ ಇಟ್ಟು ನಡುವೆ ಒಂದು ರಟ್ಟಿನ ಗೋಡೆ ಕೊಡಿ. ಮುಚ್ಚಳಕ್ಕೂ ಅದು ಆಧಾರ. ಒಳ ಅಳತೆ 51×27×21, ಹೊರ ಅಳತೆಯ ಪ್ರಕಾರ ಗಾತ್ರ-ತೂಕ 6.9 ಕಿಲೋ. ನಿಜ ತೂಕವೂ ಏಳರ ಆಸುಪಾಸಿನಲ್ಲೇ ಇರುತ್ತದೆ. ಎರಡು ಬಾಕ್ಸ್ ಕಳಿಸಿದರೆ ನಾಲ್ಕು ನಾಲ್ಕು ಎಂದು ಎಂಟು ಕಿಲೋ ಕಟ್ಟಬೇಕಾದೀತು.

ರೊಟ್ಟಿ ಪೂರ್ತಿ ಆರುವ ಮೊದಲು ಮಾತ್ರ ಕವರ್ ಮುಚ್ಚಬೇಡಿ. ದೊಡ್ಡ ಸಂಖ್ಯೆಯಲ್ಲಿ ತರಿಸುವ ಮುಂಚೆ ಯಾವ ತಯಾರಕರಿಂದಲಾದರೂ ಒಂದು ಮಾದರಿ ಕೇಳಿ ಪಡೆದು, ತುಂಬಿ, ಸೊಂಟದ ಎತ್ತರದಿಂದ ಒಮ್ಮೆ ಮೂಲೆಯ ಮೇಲೆ, ಒಮ್ಮೆ ಚಪ್ಪಟೆಯಾಗಿ ಬೀಳಿಸಿ ನೋಡಿ. ರೊಟ್ಟಿ ಒಡೆದರೆ ಹಾಸು ಹೆಚ್ಚಿಸಿ, ಆಮೇಲೆ ಹೊರ ಅಳತೆಯನ್ನು ಮತ್ತೊಮ್ಮೆ ಲೆಕ್ಕ ಹಾಕಿ.